ಸಿಂಗಾರದ ಪತ್ರ ವಾಪಸ್ಸು

"ಗುಲಾಬಿ ಉದುರೋ ಹಾಗೆ ಮಾಡೋಣ," ಎಂದು ಅಣ್ಣ ಲ್ಯಾಪ್‌ಟಾಪಿನ ಮೂಲೆಯಿಂದ ಒಂದು ಹೂವನ್ನು ಎಳೆದು ಬಿಟ್ಟ. ಅದು ತೇಲುತ್ತ ಕೆಳಗಿಳಿದು, ಚಿಕ್ಕಮ್ಮನ ಫೋಟೋದ ಹಣೆಗೆ ತಾಗಿ ಮಾಯವಾಯಿತು. "ಹೆಂಗಿದೆ ನೋಡಮ್ಮ."

ಅಮ್ಮ ಅತ್ತು ಊದಿದ ಕಣ್ಣಿಗೆ ಕನ್ನಡಕ ಏರಿಸಿಕೊಂಡು ಬಗ್ಗಿದಳು. "ಚೆನ್ನಾಗಿದೆ ಕಣೋ. ಅವಳ ಹಿಂದೆ ಆ ಎಣ್ಣೆ ಡಬ್ಬ ಕಾಣುತ್ತಲ್ಲ, ಅದನ್ನ ತೆಗೆಯೋಕಾಗಲ್ವಾ?"

"ಅದೇನು ಮಹಾ."

ಎಣ್ಣೆ ಡಬ್ಬ ಹೋಯಿತು. ಅದರ ಜೊತೆ ಅರ್ಧ ಬಿಚ್ಚಿದ ಹೊಲಿಗೆ ಯಂತ್ರ, ಗೋಡೆಗೆ ನೇತುಹಾಕಿದ್ದ ಬೆಲ್ಟುಗಳು, ಕೊನೆಗೆ ಗೋಡೆಯೂ ಹೋಗಿ ಆ ಜಾಗದಲ್ಲಿ ನೀಲಿ ಆಕಾಶ ಬಂತು. ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡೇ ತಲೆ ನೆರೆತ ಹೆಂಗಸು ಈಗ ಆಕಾಶದಲ್ಲಿ ಕುತ್ತಿಗೆವರೆಗೆ ಮುಳುಗಿ ನಗುತ್ತಿದ್ದಳು.

ತಂಗಿ ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಚಿಕ್ಕಮ್ಮ ಬಾಬಿನ್, ಯಂತ್ರದ ಕೆಳಗಿನ ದಾರದ ಸುರುಳಿ, ಎಂದೇ ಕರೆಯುತ್ತಿದ್ದದ್ದು. "ಮೇಲಿನ ದಾರ ಎಲ್ಲರಿಗೂ ಕಾಣುತ್ತೆ. ನೀನು ಕೆಳಗೆ ಕೂತ್ಕೊಂಡು, ಮುಚ್ಚಳ ಹಾಕ್ಕೊಂಡು, ಸದ್ದಿಲ್ಲದೆ ದಾರ ಬಿಡೋಳು," ಎನ್ನುತ್ತಿದ್ದಳು. ಓದಲು ಈ ಊರಿಗೆ ಬಂದವಳು ಪದವಿ ಮುಗಿದ ಮೇಲೂ ಚಿಕ್ಕಮ್ಮನ ಈ ಅಂಗಡಿಮನೆಯಲ್ಲೇ ಉಳಿದಿದ್ದಳು. ಮುಂದಿನ ಕೋಣೆ ಅಂಗಡಿ. ಹಿಂದಿನದು ಮನೆ. ಹಿಂದಿನ ಕೋಣೆಯಲ್ಲಿ ಈಗ ಚಿಕ್ಕಮ್ಮನ ದೇಹವಿತ್ತು. ಅಣ್ಣ ಕರೆಸಿದ್ದ ಮೇಕಪ್ಪಿನ ಹೆಂಗಸು ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಬಾಗಿಲ ಸಂದಿಯಿಂದ ಪೌಡರಿನ ಘಾಟು ಬಂದು ಅಂಗಡಿಯ ಎಣ್ಣೆ ವಾಸನೆಯೊಳಗೆ ಸೇರಿ, ಎರಡೂ ಕೆಟ್ಟಿದ್ದವು.

"ಅಣ್ಣ, ಅದು ಚಿಕ್ಕಮ್ಮನ ಮೇಲಿಂಗ್ ಲಿಸ್ಟಿಗೆ ಹೋಗಲ್ಲ," ಎಂದಳು ಬಾಬಿನ್.

"ಯಾವುದು ಹೋಗಲ್ಲ?"

"ಬಣ್ಣದ್ದು. ಅಲ್ಲಿ ಬರೀ ಅಕ್ಷರ ಮಾತ್ರ."

ಹೇಳಿದ್ದು ಅರ್ಧ ಅವಳ ಬಾಯಲ್ಲೇ ಉಳಿಯಿತು. ಅಣ್ಣನಿಗೆ ಊರ ಇನ್ನೊಂದು ಬದಿಯಲ್ಲಿ ಆಮಂತ್ರಣ ಪತ್ರ, ಜಾಹೀರಾತು ತಯಾರಿಸುವ ಕಚೇರಿಯಿತ್ತು. ಅಕ್ಷರ ಬರಿಮೈಯಲ್ಲಿ ಹೊರಗೆ ಬರಬಾರದು ಎನ್ನುವುದು ಅವನ ಹೊಟ್ಟೆಪಾಡು.

"ನೀನು ಸುಮ್ನಿರು. ನಲವತ್ತು ವರ್ಷ ದುಡಿದೋಳಿಗೆ ಕೊನೇ ಸಲ ಆದ್ರೂ ಒಂದು ಮರ್ಯಾದೆ ಬೇಡ್ವಾ?" ಎಂದು ಅವನು ಬಂಗಾರದ ಅಂಚು ಹಾಕಿದ. ಕೆಳಗೆ ತನ್ನ ಕಚೇರಿಯ ಮುದ್ರೆ ತಾನಾಗೇ ಬಂದು ಕೂತಿತು. ಅದನ್ನು ತೆಗೆಯಲಿಲ್ಲ. ಚಿಕ್ಕಮ್ಮ ನಡೆಸುತ್ತಿದ್ದ ಮೇಲಿಂಗ್ ಲಿಸ್ಟಿನ ವಿಳಾಸ ಹಾಕಿ ಕಳಿಸಿಬಿಟ್ಟ. ಆ ಒಂದು ವಿಳಾಸಕ್ಕೆ ಬರೆದರೆ, ಎಲ್ಲೆಲ್ಲೋ ಹೊಲಿಗೆ ಯಂತ್ರ ರಿಪೇರಿ ಮಾಡುವ ನೂರಾರು ಜನಕ್ಕೆ ಪತ್ರ ಹೋಗುತ್ತದೆ ಎನ್ನುವಷ್ಟು ಅವನಿಗೆ ಗೊತ್ತಿತ್ತು.

ಲ್ಯಾಪ್‌ಟಾಪು ಟಿಣ್ ಎಂದಿತು. ಅಣ್ಣ ಇಣುಕಿ ನೋಡಿದವನು ಕುರ್ಚಿ ಹಿಂದಕ್ಕೆ ತಳ್ಳಿದ.

"ಚಿಕ್ಕಮ್ಮ ಉತ್ತರ ಬರೆದಿದಾಳೆ."

ಅಮ್ಮ ಮತ್ತೆ ಪರದೆಯ ಕಡೆ ಬಗ್ಗಿದಳು. "ಏನೋ ಹೇಳ್ತಿದೀಯ?"

ಬಾಬಿನ್ ಓದಬೇಕಾಗಿರಲಿಲ್ಲ, ಅವಳಿಗೆ ಅದು ಬಾಯಿಪಾಠ. ಪರದೆಯ ಮೇಲೆ ಒಂದೇ ಗಾತ್ರದ ಕಪ್ಪು ಅಕ್ಷರಗಳಿದ್ದವು:

ನಿಮ್ಮ ಪತ್ರ ಸಿಂಗರಿಸಿಕೊಂಡು ಬಂದಿದೆ. ಇದು ರಿಪೇರಿಯವರ ಜಾಗ, ಮದುವೆಮನೆ ಅಲ್ಲ. ಇಲ್ಲಿ ಕೆಲವರು ಕಿವಿಯಿಂದ ಓದುತ್ತಾರೆ. ಬಣ್ಣ, ಚಿತ್ರ, ದಪ್ಪಕ್ಷರ ಎಲ್ಲ ತೆಗೆದು, ಹೇಳುವುದನ್ನು ಬರಿಯ ಅಕ್ಷರದಲ್ಲಿ ಬರೆದು ಮತ್ತೆ ಕಳಿಸಿ. ನಿಮ್ಮ ಮೇಲೆ ಕೋಪವಿಲ್ಲ. ಇಂತಿ, ಅಂಗಡಿಯಾಕೆ.

"ಅದು ತಾನೇ ಹೋಗೋ ಉತ್ತರ," ಎಂದಳು ಬಾಬಿನ್. "ಸಿಂಗಾರದ ಪತ್ರ ಬಂದ್ರೆ ಯಾರಿಗೂ ಹೋಗದೆ ವಾಪಸ್ಸಾಗೋ ಹಾಗೆ ಇಟ್ಟಿದಾಳೆ."

"ತನ್ನ ಸಾವಿನ ಸುದ್ದಿನೇ ತಾನು ವಾಪಸ್ ಕಳಿಸಿದ್ಲಾ?" ಅಣ್ಣನ ಮುಖದಲ್ಲಿ ಹೆದರಿಕೆ ಹೋಗಿ ಸಿಟ್ಟು ಬಂತು. "ಬದುಕಿದ್ದಾಗಲೂ ಇಷ್ಟೇ. ಏನ್ ಮಾಡ್ಕೊಟ್ರೂ ಕೊಂಕು."

※

ಚಿಕ್ಕಮ್ಮ ಲಿಸ್ಟು ಶುರುಮಾಡಿದಾಗ ಅಣ್ಣ ಕಾಲೇಜಿನಲ್ಲಿದ್ದ, ಕಂಪ್ಯೂಟರು ಹೊಸದಾಗಿ ಕೈಗೆ ಹತ್ತಿತ್ತು. ಚಿಕ್ಕಮ್ಮ ಒಂದು ಬೆರಳಲ್ಲಿ ಕುಟ್ಟಿ ಕುಟ್ಟಿ ಪತ್ರ ಬರೆಯುವುದನ್ನು ನೋಡಲಾರದೆ, "ಕೊಡಿ ಚಿಕ್ಕಮ್ಮ, ಚೆಂದ ಮಾಡ್ತೀನಿ," ಎಂದು ಕೂತಿದ್ದ. ಕಾಲಲ್ಲಿ ತುಳಿಯುವ ಯಂತ್ರ ಬಿಟ್ಟು ಮೋಟರಿನದಕ್ಕೆ ಬಂದವರಿಗಾಗಿ ಬರೆದ ಪತ್ರ ಅದು. ಏನು ಮಾಡಬೇಕು, ಏನು ಮಾಡಬಾರದು. "ಬಾರದು ಬಾರದು ಅಂತ ಎಷ್ಟು ಸಲ ಬರೀತೀರಾ? ಓದೋರಿಗೆ ಬೇಜಾರು," ಎಂದು ಬಾರದುಗಳನ್ನೆಲ್ಲ ಕಿತ್ತು, ಮಾಡಬಾರದ್ದಕ್ಕೆಲ್ಲ ಕೆಂಪು ಬಣ್ಣ ಕೊಟ್ಟ. ಮೇಲೆ 'ಕೆಂಪಿನಲ್ಲಿರುವುದನ್ನು ಮಾಡಬೇಡಿ' ಎಂಬ ಸಾಲನ್ನು ಬಳ್ಳಿ ಸುತ್ತಿದ ಚಿತ್ರವಾಗಿ ಕೂರಿಸಿದ. ಚಿಕ್ಕಮ್ಮನಿಗೂ ಅವತ್ತು ಅದು ಚೆಂದವೇ ಕಂಡಿತ್ತು.

ರೈಲಿನಲ್ಲಿ ಮೂರು ತಾಸಿನ ದೂರದ ಊರಿನಲ್ಲಿ ಒಬ್ಬ ಕಣ್ಣಿಲ್ಲದ ರಿಪೇರಿಯವರಿದ್ದರು. ಅವರಿಗೆ ಪತ್ರಗಳನ್ನು ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅದಕ್ಕೆ ಬಣ್ಣ ಕಾಣುವುದಿಲ್ಲ. ಮೇಲಿನ ಬಳ್ಳಿಗೆ ಅದು 'ಚಿತ್ರ' ಎಂದಿತು. ಆಮೇಲೆ ಒಂದೇ ದನಿಯಲ್ಲಿ ಸಾಲು ಸಾಲು ಓದಿತು: ಮುಚ್ಚಳ ತೆಗೆಯುವುದು, ದೂಳು ಒರೆಸುವುದು, ಸ್ವಿಚ್ಚು ಹಾಕಿಕೊಂಡೇ ಸೂಜಿ ಬಿಚ್ಚುವುದು, ಕಾಲು ಪೆಡಲಿನ ಮೇಲೇ ಇಟ್ಟಿರುವುದು. ಕೊನೆಯ ಎರಡೂ ಕೆಂಪು ಸಾಲುಗಳು. ಅವರು ಮೋಟರಿಗೆ ಹೊಸಬರು. ಬರೆದವರ ಮೇಲೆ ನಂಬಿಕೆ. ಸೂಜಿ ಎಡಗೈ ತೋರುಬೆರಳಿನ ಮೂಳೆಯಲ್ಲಿ ಇಳಿದು ಆಚೆ ಬಂತು.

ವಾರಗಳ ಮೇಲೆ ಅವರಿಂದ ಪತ್ರ ಬಂತು. "ಅಕ್ಕಾ, ನಿಮ್ಮ ಬರಹದಲ್ಲಿ ಏನಾದರೂ ಬಿಟ್ಟುಹೋಗಿತ್ತೇ? ನಾನು ಕೇಳಿದ್ದರಲ್ಲಿ ತಪ್ಪಾಗಿರಬಹುದು."

ಚಿಕ್ಕಮ್ಮ ಅಂಥದೇ ಓದುವ ಸಾಫ್ಟ್‌ವೇರನ್ನು ಹಾಕಿಸಿಕೊಂಡು, ಕದ ಮುಚ್ಚಿ, ತನ್ನ ಪತ್ರವನ್ನು ತಾನೇ ಕೇಳಿದಳು. ಮುಗಿದ ಮೇಲೆ ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಆ ಸಂಜೆಯೇ ಲಿಸ್ಟಿಗೆ ಬರಿಯ ಅಕ್ಷರ ಮಾತ್ರ ಎಂಬ ಕಾನೂನು ಬಂತು. ತಪ್ಪು ತನ್ನದೆಂದು ಎಲ್ಲರಿಗೂ ಬರೆದಳು. ಅಣ್ಣನಿಗೆ ಮಾತ್ರ ಹೇಳಲಿಲ್ಲ.

"ಯಾಕೆ ಹೇಳ್ಲಿಲ್ಲ?" ಎಂದು ಬಾಬಿನ್ ಎಷ್ಟೋ ವರ್ಷದ ಮೇಲೆ ಕೇಳಿದ್ದಳು.

"ಹುಡುಗ ಪ್ರೀತಿಯಿಂದ ಮಾಡಿದ್ದ ಕಣೇ. ಕಳಿಸಿದ್ದು ನನ್ನ ಕೈ." ಚಿಕ್ಕಮ್ಮ ಯಾವುದೋ ಯಂತ್ರದ ಶಟಲಿನಿಂದ ತುಂಡು ದಾರ ಕೀಳುತ್ತಿದ್ದಳು. "ಚೆಂದ ಅನ್ನೋದು ನೋಡೋನಿಗೆ. ಅಲ್ಲೇನೋ ಇದೆ ಅಂತಾನೇ ಗೊತ್ತಾಗದೋನಿಗೆ ಏನಿದೆ, ಹೇಳು."

ಆ ಪತ್ರ ಕೇಳಿದಂದಿನಿಂದ ಚಿಕ್ಕಮ್ಮನಿಗೆ ಸಿಂಗಾರವೆಂದರೆ ಊಟದಲ್ಲಿ ಕೂದಲು ಸಿಕ್ಕಂತೆ. ಬಿಡಿಭಾಗ ಮಾರುವವರು ಮಿನುಗುವ ಪತ್ರ ಕಳಿಸಿದರೆ ಮೂಗು ಮುಚ್ಚಿಕೊಂಡು ಅಳಿಸುವಳು. ಅಣ್ಣ ಬಂಗಾರದ ಅಕ್ಷರದಲ್ಲಿ ಅಚ್ಚುಹಾಕಿಸಿ ಕೊಟ್ಟ ವಿಸಿಟಿಂಗ್ ಕಾರ್ಡುಗಳನ್ನು ಮಡಚಿ ಅಲ್ಲಾಡುವ ಮೇಜುಗಳ ಕಾಲಿಗೆ ಕೊಟ್ಟಿದ್ದಳು. "ಗಟ್ಟಿ ಕಾಗದ ಕಣಪ್ಪ, ಒಳ್ಳೇ ಉಪಯೋಗ ಆಯ್ತು," ಎಂದು ಅವನಿಗೇ ತೋರಿಸಿದ್ದಳು. ಕಣ್ಣಿಲ್ಲದವರನ್ನು ಅವಳು ಬೆರಳಪ್ಪ ಎಂದು ಕರೆದಳು. ಅವರು ಆ ಹೆಸರನ್ನೇ ಇಟ್ಟುಕೊಂಡು ಪತ್ರದ ಕೊನೆಗೆ ಸಹಿ ಹಾಕತೊಡಗಿದರು. ದಿನಾ ಸಂಜೆ ಅಂಗಡಿ ಮುಚ್ಚುವ ಮೊದಲು ಇಬ್ಬರೂ ಯಾವುದೋ ಯಂತ್ರದ ಬಗ್ಗೆ ನಾಲ್ಕು ಸಾಲು ಬರೆದುಕೊಳ್ಳುತ್ತಿದ್ದರು. ಒಂದು ಸಲವೂ ಭೇಟಿಯಾಗಿರಲಿಲ್ಲ.

※

"ನನ್ನ ಮೆಶಿನ್ನು ನಿನ್ನೆಯಿಂದ ದಾರ ಕಡೀತಿದೆ," ಎಂದು ಪಕ್ಕದ ಅಂಗಡಿಯ ದರ್ಜಿ ಒಳಬಂದು ಸ್ಟೂಲಿನ ಮೇಲೆ ಕೂತರು. "ಅದಕ್ಕೂ ಸುದ್ದಿ ಮುಟ್ಟಿದೆ ನೋಡಿ. ಇನ್ನು ಯಾರ ಹತ್ರ ಬೈಸ್ಕೊಳ್ಳೋದು ನಾನು? 'ಹೊಲಿಯೋಕೆ ಬರದಿದ್ರೂ ಎಣ್ಣೆ ಬಿಡೋಕಾದ್ರೂ ಕಲೀರಿ' ಅನ್ನೋಳು."

ಅಮ್ಮ ಮೂಗು ಒರೆಸಿಕೊಂಡಳು. "ಅವಳ ಬಾಯಿ ಒಂದು. ಆ ಕೈ ಒಂದು. ನಮ್ಮನೆಗೆ ಬಂದ್ರೆ ಟವಲೆಲ್ಲ ಕಪ್ಪಾಗೋದು. ಸೋಪು ಕೊಟ್ಟು ಸಾಕಾಗಿತ್ತು ನಂಗೆ."

"ಆ ರೈಲಿನೂರಿನೋರಿಗೆ ಹೇಳಿದ್ರಾ? ಬೆರಳಪ್ಪನೋರಿಗೆ?" ದರ್ಜಿ ಬಾಬಿನ್ ಕಡೆ ತಿರುಗಿದರು. "ಹನ್ನೆರಡರ ಗಾಡಿ ತಪ್ಪಿದ್ರೆ ಅವರು ನಾಲ್ಕಕ್ಕೆ ಚಿತಾಗಾರ ಮುಟ್ಟಲ್ಲ. ಅವರಿಗೆ ಹೇಳ್ದೆ ಒಯ್ದುಬಿಟ್ರೆ ಚೆನ್ನಾಗಿರಲ್ಲಮ್ಮ."

"ಫೋನ್ ನಂಬರಿಲ್ಲ. ಅವರಿಬ್ರೂ ಬರೀತಿದ್ದದ್ದು ಮಾತ್ರ."

"ನಾಳೆ ತಿಳಿಸೋಣ ಬಿಡಿ," ಎಂದ ಅಣ್ಣ. ಅವನ ಕಣ್ಣು ಇನ್ನೂ ಪರದೆಯ ಮೇಲಿತ್ತು. "ನಮ್ಮ ಡಿಸೈನರ್ ಹುಡುಗಿ ಏನಾದ್ರೂ ದಾರಿ ಹುಡುಕ್ತಾಳೆ. ಒಟ್ಟು ಎಷ್ಟು ಜನ ಇದಾರೆ ಆ ಲಿಸ್ಟಲ್ಲಿ? ಎಲ್ಲ ಹೊಲಿಗೆ ಲೈನಿನೋರು. ಬೋರ್ಡು, ಕಾರ್ಡು ಅಂತ ನಾಳೆ ನಮಗೂ ಬೇಕಾಗೋ ಜನ."

ಬಾಬಿನ್ ಅಣ್ಣನ ಮುಖ ನೋಡಿದಳು. ಅವನು ಕೆಟ್ಟವನಲ್ಲ. ನಿನ್ನೆ ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಕೊಟ್ಟು ಅತ್ತಿದ್ದನ್ನು ಅವಳೇ ನೋಡಿದ್ದಳು. ಅತ್ತ ಕಣ್ಣೇ ಇವತ್ತು ಶವದ ಸುತ್ತ ಗಿರಾಕಿಗಳನ್ನು ಎಣಿಸುತ್ತಿತ್ತು, ಎರಡೂ ಅವನಿಗೆ ಒಂದೇ ಉಸಿರಿನಲ್ಲಿ ಬರುತ್ತಿತ್ತು. ಅದೇ ಅವಳಿಗೆ ಹೆಚ್ಚು ಅಸಹ್ಯವೆನಿಸಿತು. ಎಲ್ಲವನ್ನೂ ನೋಡಿಕೊಂಡು ಲೋಟ ಹಿಡಿದು ನಿಂತ ತನ್ನ ಮೇಲೂ ಅಷ್ಟೇ.

"ನಾನು ಬರೀತೀನಿ," ಎಂದಳು. "ನಾಲ್ಕು ಸಾಲು. ಅದು ಹೋಗುತ್ತೆ."

"ಸಾವಿನ ಸುದ್ದಿನ ಸಾಮಾನಿನ ಚೀಟಿ ಥರ ಬರೀತೀಯಾ? ಜನ ಏನಂತಾರೆ? ಬೇಡ. ಅವಳ ಹೆಸರಲ್ಲಿ ಹಂಗೆಲ್ಲ ಬಿಕನಾಸಿ ಕೆಲಸ ಮಾಡ್ಬೇಡ."

ಹಿಂದಿನ ಕೋಣೆಯ ಬಾಗಿಲು ತೆರೆಯಿತು. "ಬನ್ನಿ, ನೋಡಿ," ಎಂದಳು ಮೇಕಪ್ಪಿನ ಹೆಂಗಸು, ಕೈಯೊರೆಸಿಕೊಳ್ಳುತ್ತ. "ಹತ್ತು ವರ್ಷ ಚಿಕ್ಕೋರಾಗಿದಾರೆ."

ಅಮ್ಮ, ಅಣ್ಣ ಒಳಗೆ ಹೋದರು. ಅಮ್ಮ ಜೋರಾಗಿ ಅತ್ತಳು. "ಅಯ್ಯೋ, ಮದುಮಗಳ ಥರ ಕಾಣ್ತಾಳಲ್ಲೋ."

ಬಾಬಿನ್ ಹೊಸ್ತಿಲಿಂದ ಇಣುಕಿದಳು. ಗೊಂಬೆಯ ಕೆನ್ನೆ, ಗೊಂಬೆಯ ತುಟಿ. ಅವಳು ಹಿಂದಕ್ಕೆ ಬಂದು, ಲೋಟಗಳನ್ನು ಎಲ್ಲೋ ಇಟ್ಟು, ಕೆಲಸದ ಮೇಜಿನ ಮುಂದೆ ಚಿಕ್ಕಮ್ಮನ ಕಂಪ್ಯೂಟರಿಗೆ ಕೂತಳು. ಎಡಬದಿಯಲ್ಲಿ ಸ್ಪ್ರಿಂಗುಗಳ ಡಬ್ಬ, ಬಲಬದಿಯಲ್ಲಿ ಬಿಚ್ಚಿಟ್ಟ ಒಂದು ಸೂಜಿಕಂಬ. ಕೀಲಿಗಳ ಮೇಲೆ ಎಣ್ಣೆ ಪಸೆ.

ಚಿಕ್ಕಮ್ಮ ಅವಳನ್ನೂ ಲಿಸ್ಟಿಗೆ ಸೇರಿಸಿ ವರ್ಷಗಳಾಗಿದ್ದವು. ಅವಳು ಓದುತ್ತಿದ್ದಳು, ಬರೆದಿರಲಿಲ್ಲ. ಈಗ ಬರೆಯಲು ಹೊರಟರೆ ದಿನಾ ಡೈರಿ ಬರೆಯುವ ಅಭ್ಯಾಸದಿಂದ ಮೊದಲು ಬಂದದ್ದೆಲ್ಲ ಸಿಂಗಾರವೇ. 'ನಮ್ಮೆಲ್ಲರ ಬೆಳಕಾಗಿದ್ದ' ಎಂದು ಬರೆದಳು. ನೋಡಿದಳು. ಹೇಸಿಗೆಯಾಗಿ ಅಳಿಸಿದಳು. ಇದರಲ್ಲಿ ತಾನೂ ಅಣ್ಣನ ತಂಗಿಯೇ. 'ತುಂಬಲಾರದ ನಷ್ಟ' ಅಳಿಸಿದಳು. ಕೊನೆಗೆ ಉಳಿದದ್ದು ಇಷ್ಟು:

ಅಂಗಡಿಯಾಕೆ ನಿನ್ನೆ ಸಂಜೆ ತೀರಿಕೊಂಡರು. ಹೃದಯ ನಿಂತಿತು. ಇವತ್ತು ನಾಲ್ಕು ಗಂಟೆಗೆ ನಮ್ಮೂರಿನ ವಿದ್ಯುತ್ ಚಿತಾಗಾರದಲ್ಲಿ ದಹನ. ಸ್ಟೇಷನ್ನಿನಿಂದ ಟ್ಯಾಕ್ಸಿಗೆ ಕಾಲು ಗಂಟೆ. ನಾನು ಅವರ ಅಕ್ಕನ ಮಗಳು. ಬರುವವರು ಬರೆದರೆ ಕಾಯುತ್ತೇನೆ.

ಕಳಿಸಿದಳು. ಪತ್ರ ವಾಪಸ್ಸು ಬರಲಿಲ್ಲ.

ಮೊದಲ ಉತ್ತರ ಬರುವಷ್ಟರಲ್ಲಿ ಅಣ್ಣ ಅವಳ ಬೆನ್ನ ಹಿಂದಿದ್ದ.

"ಬೇಡ ಅಂದಿದ್ನಲ್ಲ."

ಅವಳು ಪರದೆಗೆ ಬೆರಳು ತೋರಿಸಿದಳು. ಮೂರೇ ಮಾತು. "ಹನ್ನೆರಡರ ಗಾಡಿಗೆ ಹೊರಟೆ. ಕಾಯಿರಿ. ಬೆರಳಪ್ಪ."

ಅದರ ಕೆಳಗೆ ಇನ್ನೊಂದು, ಮತ್ತೊಂದು ಬಂದು ಕೂರತೊಡಗಿದವು. ಒಂದರಲ್ಲೂ ಹೂವಿರಲಿಲ್ಲ. 'ನನಗೆ ಬೆಲ್ಟು ಬಿಗಿಯುವುದು ಕಲಿಸಿದರು. ಇವತ್ತು ಅಂಗಡಿ ತೆರೆಯುವುದಿಲ್ಲ.' 'ಹಡಗಿನಲ್ಲಿದ್ದೇನೆ, ಬರಲಾರೆ. ಇಲ್ಲಿನ ಯಂತ್ರ ಅವರಿಂದ ನಡೆಯುತ್ತಿದೆ.' 'ನನ್ನನ್ನು ಎರಡು ಸಲ ಬೈದಿದ್ದರು. ಎರಡೂ ಸಲ ನನ್ನದೇ ತಪ್ಪು.'

ಅಣ್ಣ ಸ್ವಲ್ಪ ಹೊತ್ತು ಓದಿದ. "ಒಬ್ಬನಾದ್ರೂ 'ಆತ್ಮಕ್ಕೆ ಶಾಂತಿ' ಅಂತ ಹಾಕಿಲ್ಲ," ಎಂದ. "ಎಂಥ ಜನಾನೋ."

※

ಚಿತಾಗಾರದ ಹಾಲಿನಲ್ಲಿ ಅಣ್ಣ ಒಂದು ದೊಡ್ಡ ಪರದೆ ನಿಲ್ಲಿಸಿದ್ದ. ಅದರಲ್ಲಿ ಚಿಕ್ಕಮ್ಮ ಆಕಾಶದಲ್ಲಿ ಮುಳುಗುತ್ತಿದ್ದಳು, ಏಳುತ್ತಿದ್ದಳು, ಗುಲಾಬಿಗಳು ಉದುರುತ್ತಿದ್ದವು. ಹಿಂದೆ ಸಣ್ಣಗೆ ಪಿಟೀಲು. ಬಂದವರು ದೇಹದ ಕಡೆ ಒಮ್ಮೆ ನೋಡಿ, ಪರದೆಯ ಕಡೆ ತಿರುಗಿ, ಅಲ್ಲೇ ಕಣ್ಣು ನೆಟ್ಟು ನಿಲ್ಲುತ್ತಿದ್ದರು. ಯಾರೋ ಅದರ ಮುಂದೆ ನಿಂತು ತಮ್ಮ ಫೋಟೋ ತೆಗೆದುಕೊಂಡರು.

ನಾಲ್ಕಾಯಿತು. ಅಣ್ಣ ಒಲೆಯ ಬಾಗಿಲ ಬಳಿ ನಿಂತಿದ್ದ ಕೆಲಸದವನಿಗೆ ಸನ್ನೆ ಮಾಡಿದ.

"ಕಾಯ್ಬೇಕು," ಎಂದಳು ಬಾಬಿನ್.

"ಇಷ್ಟು ಜನ ನಿಂತಿದಾರೆ, ಕಾಣ್ಸಲ್ವಾ? ಮುಖಾನೇ ನೋಡದ ಯಾರಿಗೋಸ್ಕರ..."

"ಕಾಯ್ತೀನಿ ಅಂತ ಬರೆದಿದೀನಿ."

"ಬರೆದ್ರೆ ಏನೀಗ?"

ಅವಳು ಹೋಗಿ ದೇಹವಿದ್ದ ಚಕ್ರದ ಗಾಡಿಯ ಹಿಡಿಕೆಗೆ ಕೈ ಹಾಕಿ ನಿಂತಳು. ದರ್ಜಿ ಬಂದು ಅವಳ ಪಕ್ಕದಲ್ಲಿ, ಯಾರನ್ನೂ ನೋಡದೆ, ಕೈಕಟ್ಟಿ ನಿಂತರು.

"ನಂಗೇನೂ ಅವಸರ ಇಲ್ಲ," ಎಂದ ಒಲೆಯವನು. "ಇವತ್ತಿಗೆ ಇದೇ ಕೊನೇದು. ಆ ಪಿಟೀಲೊಂದು ನಿಲ್ಸಿ ಸ್ವಾಮಿ, ತಲೆ ಹಿಡ್ಕೊಂಡಿದೆ."

ಪಿಟೀಲು ನಿಂತಿತು. ಜನ ಗೊಣಗಿದರು, ಗಡಿಯಾರ ನೋಡಿಕೊಂಡರು, ಕೆಲವರು ಅಣ್ಣನ ಕೈ ಒತ್ತಿ ಹೊರಟೂ ಹೋದರು.

ಆಮೇಲೆ ಟ್ಯಾಕ್ಸಿ ಬಂತು. ಹೆಂಡತಿಯ ತೋಳು ಹಿಡಿದು ಎತ್ತರದ ಮನುಷ್ಯರೊಬ್ಬರು ಮೆಟ್ಟಿಲು ಹತ್ತಿದರು. "ಗಾಡಿ ತಡ ಆಯ್ತು. ಕ್ಷಮಿಸಿ," ಎಂದು ಯಾರಿಗೆಂದಿಲ್ಲದೆ ಹೇಳಿದರು.

ಅಣ್ಣ ಮುಂದೆ ಹೋಗಿ ಅವರ ಎರಡೂ ಕೈ ಹಿಡಿದುಕೊಂಡ. ಎಷ್ಟೆಂದರೂ ಬಂದವರನ್ನು ಬರಮಾಡಿಕೊಳ್ಳುವುದು ಅವನಿಗೆ ಗೊತ್ತಿತ್ತು. ಎಡಗೈಯ ತೋರುಬೆರಳು ಮಡಚದೆ ಸೆಟೆದುಕೊಂಡಿದ್ದನ್ನು ಗಮನಿಸಿ ಮೆಲ್ಲಗೆ ಕೇಳಿದ, "ಇದೇನಾಯ್ತು ಸರ್?"

"ಹಳೇದಪ್ಪ. ಒಂದು ಪತ್ರ ಕೇಳ್ಕೊಂಡು ಕೆಲಸ ಮಾಡೋವಾಗ ಆಗಿದ್ದು."

"ಅಯ್ಯೋ ಪಾಪ," ಎಂದ ಅಣ್ಣ, ಮನಸಾರೆ.

ಬಾಬಿನ್ ಗಾಡಿಯ ಹಿಡಿಕೆಯನ್ನು ಇನ್ನಷ್ಟು ಬಿಗಿಹಿಡಿದಳು. ಒಂದು ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಚಿಕ್ಕಮ್ಮ ಇಷ್ಟು ವರ್ಷ ನುಂಗಿದ್ದನ್ನು ಅವಳೂ ನುಂಗಿದಳು. ಕಹಿಯಾಗಿತ್ತು.

ಬೆರಳಪ್ಪ ಗಾಡಿಯ ಬಳಿ ಬಂದರು. "ಪತ್ರ ಬರೆದೋಳು ನೀನೇನಮ್ಮ?"

"ಹೌದು."

"ಒಳ್ಳೇ ಪತ್ರ. ಒಂದೇ ಸಲ ಕೇಳಿದ್ದಕ್ಕೆ ಅರ್ಥ ಆಯ್ತು." ಅವರು ಹೆಂಡತಿಯ ತೋಳು ಬಿಟ್ಟರು. "ನಾನು ಅಕ್ಕನ್ನ ಮುಟ್ಟಿಲ್ಲ, ನೋಡಿಲ್ಲ, ಅವರ ದನೀನೂ ಕೇಳಿಲ್ಲ. ಈಗ ಮುಟ್ಟೋದು ಬೇಡ, ಅದು ಅವರಿಗೆ ಹೇಳ್ದೆ ಮಾಡಿದ ಹಾಗಾಗುತ್ತೆ. ನೀನೇ ಹೇಳು. ಹೇಗಿದಾರೆ? ಇದ್ದದ್ದು ಇದ್ದ ಹಾಗೆ."

ಹಾಲಿನಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು.

"ಮಲಗಿಸಿದಾರೆ," ಎಂದಳು. "ಎದೆಯವರೆಗೆ ಬಿಳೀ ಬಟ್ಟೆ. ಕಣ್ಣು ಮುಚ್ಚಿದೆ. ಕೂದಲು ಹಿಂದಕ್ಕೆ ಬಾಚಿದೆ, ಬೆಳ್ಳಗಿದೆ."

"ಹೂಂ."

"ಕೆನ್ನೆಗೆ ಗುಲಾಬಿ ಬಣ್ಣ ಬಳಿದಿದಾರೆ. ತುಟಿಗೂ. ನೋಡಿದ್ರೆ ಅಸಹ್ಯ ಆಗುತ್ತೆ."

"ಏಯ್," ಎಂದ ಅಣ್ಣ.

"ಅಸಹ್ಯ ಅನ್ನೋದು ನನ್ನ ಮಾತು," ಎಂದಳು ಬಾಬಿನ್, ಬೆರಳಪ್ಪನ ಕಡೆಯೇ ನೋಡುತ್ತ. "ಬಣ್ಣ ಇರೋದು ನಿಜ."

"ಬಣ್ಣ ಬಿಟ್ಟು ಹೇಳಮ್ಮ."

ಅವಳು ಬಗ್ಗಿ ಹುಡುಕಿದಳು. "ಕಿವಿಯ ಹಿಂದೆ ಬಣ್ಣ ಹತ್ತಿಲ್ಲ. ಅಲ್ಲಿ ಚರ್ಮ ಹಳದಿಯಾಗಿದೆ, ಸುಕ್ಕಾಗಿದೆ. ಅಲ್ಲಿ ಮಾತ್ರ ಚಿಕ್ಕಮ್ಮನ ಥರ ಇದಾಳೆ."

"ಕೈ?"

"ಕೈಗೆ ಗವಸು ಹಾಕಿದಾರೆ. ಬಿಳೀದು, ಜರಿಯಂಚಿನದು. ಎಣ್ಣೆಕಲೆ ಕಾಣಬಾರದು ಅಂತ ಇರ್ಬೇಕು."

ಅಮ್ಮ ಹಿಂದೆ ಎಲ್ಲೋ ಬಿಕ್ಕಿದಳು. ಬಾಬಿನ್ ಬಲಗೈಯ ಗವಸಿನ ತುದಿಗಳನ್ನು ಒಂದೊಂದಾಗಿ ಎಳೆದು ಸಡಿಲಿಸಿದಳು. ಅದು ಸುಲಭವಾಗಿ ಬರಲಿಲ್ಲ. ಒಳಗಿನ ಕೈ ತಣ್ಣಗೆ ಸೆಟೆದಿತ್ತು. ಗವಸು ಕೊನೆಗೆ ಬಂದಾಗ ಒಲೆಯವನೂ ಒಂದು ಹೆಜ್ಜೆ ಮುಂದೆ ಬಂದು ನೋಡಿದ.

"ಉಗುರಿನ ಸಂದಿಯಲ್ಲಿ ಕಪ್ಪಿದೆ," ಎಂದಳು. ದನಿ ಓದುವ ಯಂತ್ರದಂತೆ ಒಂದೇ ಮಟ್ಟದಲ್ಲಿತ್ತು. "ಮಧ್ಯದ ಬೆರಳ ಪಕ್ಕ ಜಡ್ಡುಗಟ್ಟಿದೆ. ಹೆಬ್ಬೆರಳೂ ತೋರುಬೆರಳೂ ಕೂಡಿಕೊಂಡಿವೆ. ಸೂಜಿಗೆ ಪೋಣಿಸೋವಾಗ ದಾರ ಹಿಡೀತಾರಲ್ಲ, ಹಾಗೆ."

ಬೆರಳಪ್ಪ ತಲೆಯಾಡಿಸಿದರು.

"ದಾರ ಇಲ್ಲ," ಎಂದಳು.